ಬೆನ್ನಿನ ಪಟ

“ಆ ಮೂಲೇಲಿರೋ ಪಟ ಇಳಿಸು ಪಾಷಾ,” ಎಂದ ಲಕ್ಕಣ್ಣ. ಒಳಗೆ ಬಂದವನು ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

ಅಕ್ಬರ್ ಪಾಷಾ ಯಲಹಂಕದಲ್ಲಿದ್ದ ತನ್ನ ಸ್ಟುಡಿಯೋದ ಮುಂದಿನ ಕೋಣೆಯನ್ನು ಖಾಲಿ ಮಾಡಿಸಿ ‘ಚಿತ್ರಶಾಲೆ’ ಎಂದು ಬೋರ್ಡು ಹಾಕಿದ್ದು ಅರವತ್ತನೇ ಇಸವಿಯಲ್ಲಿ. ಯಾರಿಗೂ ಗೊತ್ತಿಲ್ಲದ ಹೊಸಬರು ತೆಗೆದ ಫೋಟೊಗಳನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಹುಚ್ಚು ಅವನಿಗೆ. ಒಳಗೆ ಇಣುಕಿದವರು “ಯಾರ ಮದುವೇದು?” ಎಂದು ಕೇಳಿ, ಮದುವೆಯದಲ್ಲ ಎಂದಾಗ ಹಾಗೇ ಹೊರಟುಬಿಡುತ್ತಿದ್ದರು. ಆದರೂ ಮರುವರ್ಷದ ಬೇಸಿಗೆಯಲ್ಲಿ ಅವನಿಗೆ ನಾರಾಯಣಮ್ಮ ಸಿಕ್ಕಿದಳು. ಜಕ್ಕೂರು ಶಾಲೆಯ ಹೊಲಿಗೆ ಟೀಚರು. ಆಕೆ ತೊಳೆಯಲು ಕೊಟ್ಟ ರೀಲುಗಳಲ್ಲಿ ಇದ್ದದ್ದೆಲ್ಲ ಬೆನ್ನುಗಳು. ಬಸ್ಸಿಗೆ ಕಾಯುವವರ ಬೆನ್ನು, ಮೇಲೆ ಹಾರುವ ವಿಮಾನ ನೋಡುತ್ತ ನಿಂತವರ ಬೆನ್ನು, ಒಲೆ ಊದುವವಳ ಬೆನ್ನು. ಪಾಪ, ಕ್ಯಾಮೆರಾ ಹಿಡಿಯಲು ಬರುವುದಿಲ್ಲವೇನೋ ಎಂದು ಪಾಷಾ ಮೆಲ್ಲಗೆ ವಿಚಾರಿಸಿದ್ದ.

“ಮುಂದೆ ಹೋಗಿ ನಿಂತ್ರೆ ಎಲ್ರೂ ಮುಖ ಸರಿ ಮಾಡ್ಕೊಂಡ್ಬಿಡ್ತಾರೆ ಸಾಯ್ಬ್ರೇ,” ಎಂದಿದ್ದಳು ಆಕೆ. “ಬೆನ್ನು ಸರಿ ಮಾಡ್ಕೊಳ್ಳೋಕೆ ಯಾರಿಗೂ ಬರಲ್ಲ.”

ಆ ಮಾತಿಗೆ ಪಾಷಾ ಸೋತುಹೋದ. ಬೆಂಗಳೂರಿನ ಒಂದು ಕಲಾಸಂಘಕ್ಕೆ ಅಲೆದಲೆದು, ಭಾನುವಾರ ಬಂದು ನೋಡುವುದಾಗಿ ಅವರಿಂದ ಮಾತು ತೆಗೆದುಕೊಂಡ. ಅವರಿಗೆ ಹಿಡಿಸಿದರೆ ನಾರಾಯಣಮ್ಮನ ಪಟಗಳು ಪೇಟೆಯ ದೊಡ್ಡ ಹಾಲಿನಲ್ಲಿ ತೂಗುವುದಿತ್ತು. ಲಕ್ಕಣ್ಣ ಬಂದು ನಿಂತದ್ದು ಅದರ ಹಿಂದಿನ ದಿನ.

ಮೂಲೆಯ ಪಟದಲ್ಲಿ ಅಗಲ ಬೆನ್ನಿನ ಗಂಡಸೊಬ್ಬ ಜಕ್ಕೂರು ಕೆರೆಯ ಕಲ್ಲಿನ ಮೇಲೆ ಬಗ್ಗಿ ಹೆಂಗಸರ ಸೀರೆ ಹಿಂಡುತ್ತಿದ್ದ. ಬೆಳಗಿನ ಬಿಸಿಲಿಗೆ ಸೀರೆಯಿಂದ ಉದುರುವ ಹನಿಗಳು ಹೊಳೆಯುತ್ತಿದ್ದವು. ಮುಖ ಕಾಣುತ್ತಿರಲಿಲ್ಲ. ಆದರೆ ಕೆನ್ನೆಗಳಾಚೆ ಚಾಚಿಕೊಂಡ ಮೀಸೆಯ ಎರಡು ತುದಿಗಳು ಹಿಂದಿನಿಂದಲೂ ಕಾಣುತ್ತಿದ್ದವು. ಅಂಥ ಮೀಸೆ ಯಲಹಂಕದಲ್ಲಿ ಒಂದೇ ಒಂದು. ಅದನ್ನು ಹೊತ್ತವನು ಪಾಷಾನ ಸ್ಟುಡಿಯೋ ಇದ್ದ ಕಟ್ಟಡದ ಮಾಲೀಕ, ಊರ ಪಂಚಾಯ್ತಿಯ ಹಿರಿಯ ಲಕ್ಕಣ್ಣ. “ಹೆಂಡ್ತಿ ಬಟ್ಟೆ ಒಗೆಯೋ ಗಂಡ್ಸು ಮೀಸೆ ಬೋಳಿಸ್ಕೋಬೇಕು” ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟವನು.

“ಯಾಕ್ ಗೌಡ್ರೇ, ಚೆನ್ನಾಗಿಲ್ವಾ?” ಎಂದ ಪಾಷಾ.

“ಬೆಳಕು ಸರಿಯಿಲ್ಲ.”

“ಬೆಳಕಿಗೇ ಅಲ್ವಾ ನಾನು ಹಾಕಿರೋದು.”

“ಮತ್ತೆ... ಒದ್ದೆ ಸೀರೆ ಎಲ್ಲ ಜನ ನೋಡೋ ಜಾಗದಲ್ಲಿ ಹಾಕ್ಬಾರ್ದು. ಮರ್ಯಾದೆ ಅಲ್ಲ.”

“ಉಟ್ಕೊಂಡಿಲ್ವಲ್ಲ ಗೌಡ್ರೇ, ಹಿಂಡ್ತಾ ಇರೋದು,” ಎಂದಳು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ ನಾರಾಯಣಮ್ಮ, ತಲೆ ಎತ್ತದೆ.

ಲಕ್ಕಣ್ಣನಿಗೆ ರೇಗಿತು. “ನಾಳೆ ಬೆಳಗ್ಗೆ ಅದು ಗೋಡೆ ಮೇಲಿದ್ರೆ ಅಂಗಡಿ ಖಾಲಿ ಮಾಡು.”

ಆ ಕೋಣೆ ಬಿಟ್ಟರೆ ಪಾಷಾನಿಗೆ ಬೇರೆ ಗತಿಯಿರಲಿಲ್ಲ. ಆದರೂ ಕೈ ಕಟ್ಟಿಕೊಂಡು ಬಹಳ ವಿನಯದಿಂದ ಹೇಳಿದ: “ಮಾಡ್ತೀನಿ ಗೌಡ್ರೇ, ನಿಮ್ಮ ಜಾಗ. ಯಾಕೆ ಖಾಲಿ ಮಾಡ್ದೆ ಅಂತ ಜನ ಕೇಳಿದ್ರೆ ಏನು ಹೇಳ್ಲಿ?”

ಲಕ್ಕಣ್ಣ ಪಟವನ್ನೊಮ್ಮೆ ನೋಡಿದ. ನಂತರ ದುಡುದುಡು ಇಳಿದು ಎದುರಿನ ಕ್ಷೌರದಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟ.

ಪಟದಲ್ಲಿರುವವನಿಗೆ ಮೀಸೆಯಿದೆ, ತನಗಿಲ್ಲ. ಅಲ್ಲಿಗೆ ಮುಗಿಯಿತು ಎಂದು ಅವನ ಲೆಕ್ಕ. ಆದರೆ ಬೋಳು ತುಟಿಯ ಲಕ್ಕಣ್ಣ ಬೀದಿಗಿಳಿದದ್ದೇ ತಡ, ಊರಿಗೆ ಊರೇ ಏನಾಯಿತೆಂದು ಕೇಳತೊಡಗಿತು. ಕ್ಷೌರದವನು ಎದುರುಗಡೆಯ ಚಿತ್ರಶಾಲೆಯ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದ, ಅಷ್ಟೆ. ಭಾನುವಾರ ಚಿತ್ರಶಾಲೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬ್ಯಾಟರಾಯನಪುರದಿಂದಲೂ ಜನ ಸೈಕಲ್ ತುಳಿದುಕೊಂಡು ಬಂದಿದ್ದರು. ಬಂದದ್ದು ಒಂದು ಪಟ ನೋಡಲು. ಆದರೆ ಬಂದವರು ಉಳಿದ ಬೆನ್ನುಗಳನ್ನೂ ನೋಡಿದರು. ನೋಡಿ, ನಗುವುದನ್ನು ಬಿಟ್ಟು ಸುಮ್ಮನೆ ನಿಂತರು. ಒಬ್ಬಾಕೆ, ಹೋದ ವರ್ಷ ತೀರಿಕೊಂಡ ತನ್ನ ಅತ್ತೆಯ ಬೆನ್ನು ಗುರುತಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಲಾಸಂಘದ ಯಜಮಾನರು ಆ ಜನರ ನಡುವೆ ನುಸುಳಿ ಒಳಗೆ ಬರುವಷ್ಟರಲ್ಲಿ ಅವರ ಕನ್ನಡಕ ಸೊಟ್ಟಗಾಗಿತ್ತು.

ಆ ಹೊತ್ತಿಗೆ ಲಕ್ಕಣ್ಣನ ಹೆಂಡತಿ ಮಾರಕ್ಕ ಬಂದಳು. ಜನ ದಾರಿ ಬಿಟ್ಟರು. ಆಕೆ ಪಟದ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಲಕ್ಕಣ್ಣ ಬಾಗಿಲ ಮರೆಯಲ್ಲಿ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ.

“ಯಾರಕ್ಕ ಅದು?” ಎಂದಳು ಹಿಂದಿನಿಂದ ಒಬ್ಬಳು, ಬೇಕೆಂದೇ.

“ಸೀರೆ ನಂದು ಕಣವ್ವ,” ಎಂದಳು ಮಾರಕ್ಕ. “ಸಂಕ್ರಾಂತಿಯಿಂದ ನಂಗೆ ಬೆರಳು ಮಡಿಸಾಕಾಗಲ್ಲ, ಊದ್ಕೊಂಡವೆ. ಜಕ್ಕೂರಲ್ಲಿ ಒಳ್ಳೆ ದೋಬಿ ಅವ್ನೆ ಅಂತ ನಮ್ಮೋರು ಗಂಟು ಕಟ್ಕೊಂಡು ಸೈಕಲ್ ಏರೋರು. ಇಂಗೆ ಬೆಳ್ಳಗೆ ಒಗೆಯೋನ ಮುಖ ಒಂದ್ಸಲ ನೋಡ್ಬೇಕು ಅಂತ ನಂಗೂ ಆಸೆಯಿತ್ತು.”

ಕಲಾಸಂಘದವರು ಕನ್ನಡಕ ಸರಿಮಾಡಿಕೊಂಡು ನಾರಾಯಣಮ್ಮನ ಕಡೆ ತಿರುಗಿದರು. “ಎಲ್ಲಾ ಪಟಗಳನ್ನೂ ಬೆಂಗಳೂರಿಗೆ ತಗೊಂಡು ಹೋಗ್ತೀವಿ ಅಮ್ಮ. ಇದನ್ನ ಬಾಗಿಲ ಎದುರಿಗೇ ಹಾಕೋಣ. ಕೆಳಗೆ ಒಂದು ಹೆಸರು ಬರೀಬೇಕಲ್ಲ, ಏನಂತ ಬರೆಯೋದು?”

ನಾರಾಯಣಮ್ಮ ಪಾಷಾನನ್ನು ನೋಡಿದಳು. ಪಾಷಾ ಚಾವಣಿ ನೋಡಿದ. ಬಾಗಿಲ ಮರೆಯಿಂದ ಒಂದು ಕೆಮ್ಮು ಕೇಳಿಸಿತು. ಲಕ್ಕಣ್ಣ ಬಾಯಿಗೆ ಹಿಡಿದಿದ್ದ ಟವೆಲನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡು, ಜನರ ನಡುವೆ ಮುಂದೆ ಬಂದ.

“‘ಮಾರಕ್ಕನ ಗಂಡ’ ಅಂತ ಬರ್ಕೊಳ್ಳಿ.”