ಅನ್ನದಾನಮ್ಮನ ‘ಅವರು’

“ಅವರು ಕಾಣವಲ್ಲರಪ್ಪ, ಮೈಕಿನ್ಯಾಗ ಒಂಚೂರು ಕೂಗು,” ಎಂದು ಅನ್ನದಾನಮ್ಮ ಕೂಡ್ಲಿಗಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಗೆ ಮುಖವಿಟ್ಟಳು.

ಒಳಗಿದ್ದ ಸರ್ಫರಾಜ ಮೈಕು ಹಿಡಿದ. “ಯಾರಮ್ಮ ಅವರು?”

“ನಮ್ಮನಿಯವರು.”

“ಹೆಸರು ಹೇಳ್ರಿ.”

ಅನ್ನದಾನಮ್ಮ ಸೆರಗನ್ನು ಬಾಯಿಗೆ ತಂದುಕೊಂಡಳು. “ನಾ ಹ್ಯಾಂಗ ಹೇಳ್ಲಿ?”

“ಯಾಕ, ಅವರಿಗೆ ಹೆಸರಿಲ್ಲೇನು?”

“ಐತಿ. ಬ್ಯಾರೇ ಮಂದಿ ಕರಿಯಾಕ ಐತಿ.”

ಅವರು ಹತ್ತಬೇಕಿದ್ದ ಹಡಗಲಿ ಬಸ್ಸು ಆಗಲೇ ಗುರುಗುಡುತ್ತಿತ್ತು. ನೀರು ಕುಡಿದು ಬರುತ್ತೇನೆಂದು ಹೋದ ಗಂಡನ ಸುಳಿವಿಲ್ಲ. ಮೊನ್ನೆಯಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ. ಬೋರ್ಡು ಕಾಣದೆ ಯಾವ ಊರಿನ ಬಸ್ಸು ಹತ್ತಿಬಿಟ್ಟರೋ! ಫೋನು ನೋಡಿದರೆ ಇವಳ ಚೀಲದಲ್ಲೇ ಇದೆ. “ಕೊಟ್ಟೂರೇಶ, ಕೈ ಬಿಡಬ್ಯಾಡಪ್ಪ,” ಎಂದು ದೇವರಿಗೆ ಕೈ ಮುಗಿದಳು.

ಸರ್ಫರಾಜ ನಕ್ಕ. “ನಮ್ಮ ಅಮ್ಮೀನೂ ಹಿಂಗ. ‘ಸರ್ಫರಾಜನ ಅಬ್ಬಾ’ ಅಂತಾಳ ಹೊರತು ಹೆಸರು ಹೇಳಂಗಿಲ್ಲ. ನಿಮ್ಮ ಮಗನ ಹೆಸರರ ಹೇಳ್ರಿ, ಇಂಥವನ ಅಪ್ಪ ಅಂತ ಕೂಗ್ತೀನಿ.”

“ಮಕ್ಕಳಿಲ್ಲಪ್ಪ. ಅವರಿಗೆ ನಾನು, ನನಗ ಅವರು.”

ಕಂಡಕ್ಟರ್ ಸೀಟಿ ಊದಿದ. ಸರ್ಫರಾಜ ಮೈಕನ್ನೇ ಕಿಟಕಿಯಿಂದ ಹೊರಗೆ ಚಾಚಿದ. “ಮನ್ಯಾಗ ಹ್ಯಾಂಗ ಕರೀತೀರಿ, ಹಂಗ ಕರೀರಿ.”

“ಏನ್ರೀ... ಎಲ್ಲಿ ಅದೀರಿ? ಲಗೂನ ಬರ್ರೀ!”

ನಿಲ್ದಾಣದಲ್ಲಿದ್ದ ಮುದುಕರೆಲ್ಲ ಎದ್ದರು. ಚಹಾ ಕುಡಿಯುತ್ತಿದ್ದವರು ಬಸಿ ಕೆಳಗಿಟ್ಟರು. ಒಬ್ಬರು ಬೀಡಿ ಎಸೆದರು. ಹೊಸಪೇಟೆ ಬಸ್ಸಿನ ಕಿಟಕಿಯಿಂದ ಬಿಳಿ ಟೋಪಿಯ ತಲೆಯೊಂದು ಹೊರಬಂದು “ಬಂದ್ನಿ, ಬಂದ್ನಿ!” ಎಂದಿತು. ಇವರ ನಡುವಿನಿಂದಲೇ ಕಪ್ಪು ಕನ್ನಡಕದ ಅಜ್ಜನೊಬ್ಬ ತಡವರಿಸುತ್ತ ಬಂದ.

“ಊರ ಮಂದಿಗೆಲ್ಲ ಕೇಳೋಹಂಗ ಕೂಗ್ತೀಯಲ್ಲ, ನಾಚಿಕಿ ಬರಂಗಿಲ್ಲೇನ?”

“ಸುಮ್ಮನ ಹತ್ರಿ,” ಎಂದು ಅನ್ನದಾನಮ್ಮ ಅವನ ತೋಳು ಹಿಡಿದು ಬಸ್ಸು ಹತ್ತಿಸಿದಳು.

ಉಳಿದವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ಕುಳಿತರು. ಶೇಂಗಾ ಮಾರುವ ಹುಲುಗಣ್ಣ ಮಾತ್ರ ಬುಟ್ಟಿ ಬಿಟ್ಟು ಎದ್ದವನು ಹಾಗೇ ನಿಂತಿದ್ದ. ಅವನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು; ಮಣ್ಣು ಮಾಡುವಾಗ ಸರ್ಫರಾಜನೂ ಹೋಗಿದ್ದ.

“ಕಾಕಾ, ನೀ ಯಾಕ ಎದ್ದಿ?”

ಹುಲುಗಣ್ಣ ಕಂಬದ ಮೇಲಿನ ಸ್ಪೀಕರಿನಿಂದ ಕಣ್ಣು ತೆಗೆಯಲಿಲ್ಲ.

“ತಡಿಯಪ್ಪ. ಇನ್ನೊಮ್ಮೆ ಕರದರೂ ಕರದಾಳು.”