ಸಾಲುಗಳ ಲೆಕ್ಕ

ಪರದೆಯ ಮೇಲೆ ಒಂದಾದರೂ ಕನ್ನಡ ಅಕ್ಷರವಿರಲಿಲ್ಲ. ಸಾಲಿನ ಮೇಲೆ ಸಾಲು, ಬರೀ ಪ್ರಶ್ನೆ ಚಿಹ್ನೆ.

"ಇದೇನಪ್ಪ ನಾಗೇಂದ್ರ? ನಮ್ಮತ್ತೆ ಪದಗಳೆಲ್ಲಿ?" ಎಂದಳು ಶಿವರಂಜಿನಿ.

"ಅಲ್ಲೇ ಅವೆ ಕಣಕ್ಕ. ಹಳೇದ್ರಲ್ಲಿ ಎಷ್ಟು ಸಾಲಿತ್ತೋ ಹೊಸದ್ರಲ್ಲೂ ಅಷ್ಟೇ. ಎಣಿಸಿ ನೋಡಿವ್ನಿ."

ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನಾಗೇಂದ್ರ ಬೇಗೂರಿನ ಅವಳ ಮನೆಗೆ ಬಂದು ಬಂದು ತಲೆ ತಿಂದಿದ್ದ. ಅವಳು ಪದಗಳನ್ನು ತುಂಬಿಟ್ಟಿದ್ದ ಹಳೆಯ ಡೇಟಾಬೇಸೂ ಬಿಟ್ಟಿಯದೇ, ಇವನು ಹೊತ್ತು ಮೆರೆಸುತ್ತಿದ್ದ ಹೊಸದೂ ಬಿಟ್ಟಿಯದೇ. ಎರಡನ್ನೂ ಯಾರು ಬೇಕಾದರೂ ಬಿಚ್ಚಿ ನೋಡಬಹುದಿತ್ತು. ಆದರೂ, "ಅದು ಕಂಪನಿಯೋರ ಕೈಗೆ ಸಿಕ್ಬುಟ್ಟದೆ ಅಕ್ಕ, ಇವತ್ತಲ್ಲ ನಾಳೆ ಬೀಗ ಜಡೀತರೆ. ನಮ್ದಕ್ಕೆ ಬಂದ್ಬುಡಿ" ಎಂದು ಮತ ಬದಲಿಸುವವನ ಹಾಗೆ ಹೇಳಿದ್ದ. ದೇವರ ಪದಕ್ಕೆ ಬೀಗವೇ ಎಂದು ಹೆದರಿ ಅವಳು ಒಪ್ಪಿದ್ದಳು.

ಅವು ಅತ್ತೆ ಮಲ್ಲಾಜಮ್ಮ ಹಾಡಿ ಹೇಳಿದ ಮಾದಪ್ಪನ ಪದಗಳು. ಮೊಬೈಲು ಹಿಡಿದರೆ ಅತ್ತೆ ಬಾಯಿ ಬಿಡುತ್ತಿರಲಿಲ್ಲ. "ಕೇಳಕೆ ಮಾದಪ್ಪ ಕಿವಿ ಕೊಟ್ಟವ್ನೆ, ಡಬ್ಬಿ ಯಾಕ್ ಕಣಮ್ಮಿ?" ಎನ್ನುತ್ತಿದ್ದರು. ರಾಗಿ ಕೇರುತ್ತಾ ಅವರು ಹೇಳಿದ್ದನ್ನು ಕಿವಿಯಲ್ಲಿ ತುಂಬಿಕೊಂಡು, ಆರುವ ಮುಂಚೆ ಹೋಗಿ ಸೊಸೆ ಟೈಪ್ ಮಾಡುತ್ತಿದ್ದಳು. ಹೋದ ವರ್ಷ ಲಕ್ವ ಹೊಡೆದು ಅತ್ತೆಯ ಮಾತು ನಿಂತಿತು. ಅಂದಿನಿಂದ ದಿನಾ ದೀಪ ಹಚ್ಚಿದ ಮೇಲೆ ಸೊಸೆ ಪರದೆ ನೋಡಿ ಓದುವುದು, ಅತ್ತೆ ಕೇಳುವುದು.

"ಹೊಸ್ದು ಬ್ಯಾಡ. ಹಳೇದನ್ನೇ ತಿರುಗಿ ಹಾಕು" ಎಂದಳು ಶಿವರಂಜಿನಿ.

ನಾಗೇಂದ್ರ ಕತ್ತು ಬಗ್ಗಿಸಿದ. "ಲೆಕ್ಕ ಸರಿ ಬಂತಲ್ಲಾ ಅಂತ ಅಳಿಸ್ಬುಟ್ಟೆ ಅಕ್ಕ. ಹಳೇದು ಇದ್ರೆ ಜನ ತಿರ್ಗಾ ಅಲ್ಲಿಗೇ ಓಯ್ತರೆ."

"ಒಂದು ಪದನಾದ್ರೂ ಓದಿ ನೋಡ್ಲಿಲ್ವಾ?"

"ಓದೋದ್ಯಾಕೆ ಅಂತ... ಎಣಿಸ್ದೆ."

ಅವನ ಫೋನು ಬಡಿದುಕೊಂಡಿತು. ಹೊಸ ಡೇಟಾಬೇಸಿಗೆ ಜನ ಸೇರಿಸುವ ಚಾಮರಾಜನಗರದ ಅವನ ಕೂಟದವರು. ಜಗಲಿಗೆ ಹೋಗಿ ದನಿ ತಗ್ಗಿಸಿದ: "ಊ ಸಾರ್, ಬೇಗೂರೂ ನಮ್ ಕಡೆ ಬಂತು. ಒಂದು ಸೇರಿಸ್ಕಳಿ."

ಒಳಗೆ ಪರದೆಯ ಬೆಳಕು ಗೋಡೆಗೆ ಬಿದ್ದದ್ದು ಕಂಡು, ಮಂಚದ ಮೇಲಿದ್ದ ಮಲ್ಲಾಜಮ್ಮನ ಮುಖ ಅರಳಿತು. ಸ್ವಾಧೀನವಿದ್ದ ಒಂದು ಕೈಯಿಂದ ಮಂಚದ ಪಟ್ಟಿಗೆ ತಾಳ ಹಾಕುತ್ತಾ, ಸೊಸೆ ಶುರುಮಾಡಲೆಂದು ಕಾಯತೊಡಗಿದರು.