ಏಳನೆಯವ

ಅಂಕಣದ ಬಾಗಿಲಲ್ಲಿದ್ದ ಯಂತ್ರ ಎಂದಿನಂತೆ ಚನ್ನವೀರನ ಬೆರಳಿಗೆ ಸೂಜಿ ಚುಚ್ಚಿ, 'ಹೊಸಕೇರಿ ಮನೆತನ, ಮೂರನೇ ತಲೆಮಾರು' ಎಂದು ತೋರಿಸಿ ಒಳಗೆ ಬಿಟ್ಟಿತ್ತು. ಕಬಡ್ಡಿ ತಂಡದ ಏಳು ಮಂದಿಯಲ್ಲಿ ಒಬ್ಬ ಮಾಲೀಕರ ರಕ್ತಸಂಬಂಧಿಯೇ ಆಗಿರಬೇಕೆಂಬ ಕಾನೂನು ಬಂದು ಹದಿನಾಲ್ಕು ವರ್ಷವಾಗಿತ್ತು. ಎಣ್ಣೆ ಗಿರಣಿಗಳ ಹೊಸಕೇರಿಯವರು ಹುಬ್ಬಳ್ಳಿ ತಂಡ ಕೊಂಡಾಗ ಮನೆಯಲ್ಲಿ ಬೇರೆ ಕೆಲಸವಿಲ್ಲದೆ ಇದ್ದವನು ಕಿರಿಯನಾದ ಚನ್ನವೀರನೊಬ್ಬನೇ. ಈಗ ಅವನಿಗೆ ಐವತ್ತೆರಡು. ಬಲ ಮೊಣಕಾಲಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿದೆ. ಇನ್ನೊಮ್ಮೆ ಬಿದ್ದರೆ ಕೋಲೇ ಗತಿ ಎಂದು ಡಾಕ್ಟರು ಹೇಳಿದ್ದಾರೆ.

ಇಂದಿನದು ಅವನ ಕೊನೆಯ ಆಟ. ಅಣ್ಣನ ಮಗ ಪ್ರಭುಲಿಂಗನಿಗೆ ನಿನ್ನೆ ಹದಿನೆಂಟು ತುಂಬಿತ್ತು; ಇನ್ನು ಮನೆಯವರ ಜಾಗದಲ್ಲಿ ಅವನು ಆಡಬಹುದು. ಆಟ ಮುಗಿಸಿದ ಚನ್ನವೀರ ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆವರಿನ ಜರ್ಸಿಯನ್ನು ಮಡಚಿ, ಅವನ ಕೈಗಿಡಲೆಂದು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಅಣ್ಣ ಮಲ್ಲೇಶಪ್ಪ ಮಗನನ್ನು ಕರೆದುಕೊಂಡು, ಪೇಢೆಯ ಡಬ್ಬಿ ಹಿಡಿದು ಬಂದ.

"ಬಾಯಿ ತಗಿಯೋ ಚನ್ನ್ಯಾ. ಬೆಳಗಾವಿ ತಂಡಾನೂ ನಮ್ಮದಾತು!"

"ಅದಕ್ಕ ಮನಿಯವರು ಯಾರು ಆಡ್ತಾರ?"

"ಯಾರಂದ್ರ? ಪ್ರಭು ಅದಾನಲ್ಲ."

"ಮತ್ತ ಈ ಹುಬ್ಬಳ್ಳಿ ತಂಡಕ್ಕ?"

ಮಲ್ಲೇಶಪ್ಪ ಇನ್ನೊಂದು ಪೇಢೆ ಮುಂದೆ ಹಿಡಿದ. "ನೀ ಇರೂತನಕ ನಮಗೇನ ಚಿಂತಿ?"

ಪ್ರಭುಲಿಂಗ ಬಗ್ಗಿ ಚಿಕ್ಕಪ್ಪನ ಕಾಲು ಮುಟ್ಟಿದ. "ಐತವಾರ ನಮ್ಮಿಬ್ಬರ ತಂಡದ್ದ ಆಟ. ನಾ ದಾಳಿಗೆ ಬಂದಾಗ ಮೆಲ್ಲಕ ಹಿಡೀರಿ, ಕಾಕಾ."

"ಎಡಕ್ಕಿಂದ ಬಾರಪ್ಪ," ಎಂದ ಚನ್ನವೀರ. "ಬಲಗಾಲು ನಿಂದರೂದಿಲ್ಲ."

ಆಮೇಲೆ ಮಡಚಿದ ಜರ್ಸಿಯನ್ನು ಬಿಡಿಸಿ, ಒಗೆಯುವ ಬಟ್ಟೆಗಳ ಬುಟ್ಟಿಗೆ ಹಾಕಿದ.